ಥಂಡಿ ಅಂದರೆ ಎಂತ?

ಶಿರಸಿಯಲ್ಲಿ ಎಸಿ, ಫ್ರಿಜ್ ರಿಪೇರಿ ಕಲಿಯಲು ಸೇರಿದ ಮೊದಲ ದಿನವೇ ನಮ್ಮ ಸರ್ ನನ್ನ ತಲೆಗೆ ಹುಳ ಬಿಟ್ಟರು. ಹಾವೇರಿ ಕಡೆಯವರು, ದನಿ ದೊಡ್ಡದು. "ಥಂಡಿ ಅನ್ನೂದು ಜಗತ್ತಿನ್ಯಾಗ ಇಲ್ಲಽ ಇಲ್ಲ. ಇರೂದು ಬಿಸಿ ಒಂದಽ. ಒಳಗಿನ ಬಿಸಿ ಹೊತ್ತು ಹೊರಗ ಒಗಿಯೂದು, ಅಷ್ಟಽ ನಮ್ಮ ಕೆಲಸ," ಎಂದರು.

ನನಗೆ ಸಿಟ್ಟೇ ಬಂತು. ಥಂಡಿ ಇಲ್ಲವಂತೆ! ಹೆಗಡೆಕಟ್ಟಾದ ನಮ್ಮ ಮನೆಯ ಬಾವಿಕಟ್ಟೆಯ ಮೇಲೆ ಚಳಿಗಾಲದ ಬೆಳಗ್ಗೆ ಬರಿಗಾಲಲ್ಲಿ ನಿಂತು ನೋಡಲಿ ಈ ಮನುಷ್ಯ. ಆದರೂ ಮನೆಗೆ ಬಂದವಳು ಸುಮ್ಮನಿರಲಾರದೆ ಫ್ರಿಜ್ಜನ್ನು ಗೋಡೆಯಿಂದ ಎಳೆದು ಹಿಂದೆ ಕೈ ಇಟ್ಟೆ. ಬಿಸಿ. ಹಾಗಾದರೆ ಮಧ್ಯಾಹ್ನ ಒಳಗಿಟ್ಟ ಹಾಲಿನ ಬಿಸಿಯೇ ಇಲ್ಲಿ ಹೊರಗೆ ಬಂದಿದೆಯೇ? ನನಗೆ ರೋಮಾಂಚನ, ಅತ್ತೆಗೆ ಗಾಬರಿ.

"ಸರಿ ಇದ್ದದ್ದನ್ನ ಎಂತಕ್ಕೆ ಎಳಿತೆ ಮಾರಾಯ್ತಿ?"

"ಬಿಸಿ ಎಲ್ಲಿಗೆ ಹೋಗ್ತು ನೋಡ್ತೆ."

"ಹೊಲಿಗೆ ಕ್ಲಾಸಿಗೆ ಹೋಗು ಹೇಳಿ ಬಡ್ಕಂಡೆ. ಕೇಳಿದ್ದಿಲ್ಲೆ," ಎಂದು ಅತ್ತೆ ಒಳಗೆ ಹೋದರು.

ಮಳೆಗಾಲ ಹಿಡಿದ ಮೇಲೆ ಒಂದು ದಿನ ಸರ್ ತಮ್ಮ ಬೈಕಿನಲ್ಲಿ ನನ್ನನ್ನು ಉಮ್ಮಚಗಿಗೆ ಕರೆದುಕೊಂಡು ಹೊರಟರು. ಅಲ್ಲಿ ಒಬ್ಬ ಅಕ್ಕ ಅಕ್ಕಪಕ್ಕದ ಹೆಂಗಸರನ್ನು ಸೇರಿಸಿಕೊಂಡು ಹಲಸಿನ ಹಪ್ಪಳ ಮಾಡಿ ಮಾರುತ್ತಿದ್ದರು. ಹಪ್ಪಳ ಇಡುವ ಕೋಣೆಗೆ ಎಸಿ ಹಾಕಿಕೊಟ್ಟವರು ನಮ್ಮ ಸರ್. "ಆ ಅಕ್ಕಾರ್ದು ಒಂದಽ ಹಾಡು, ಥಂಡಿ ಜಾಸ್ತಿ, ಥಂಡಿ ಜಾಸ್ತಿ ಅಂತ. ಫೋನಿನ್ಯಾಗ ಎಸಿ ಇಪ್ಪತ್ತೆಂಟು ಡಿಗ್ರಿಗೆ ಇಡ್ರಿ ಅಂದೆ. ಮತ್ತ ಫೋನು, ಥಂಡಿ ಇನ್ನೂ ಜಾಸ್ತಿ ಆತು ಅಂತ. ಮೂವತ್ತಕ್ಕ ಇಡ್ರಿ ಅಂದೆ. ಈಗ ನೋಡು, ತಡಿಯಾಕಽ ಆಗವಲ್ದಂತ!" ದಾರಿಯುದ್ದಕ್ಕೂ ನಾನೂ ನಕ್ಕೆ. ಮೂವತ್ತರಲ್ಲೂ ಚಳಿ ಆಗುವ ಹೆಂಗಸು ಹೇಗಿರಬಹುದು ಎಂದು ನೋಡುವ ಆಸೆಯಾಯಿತು.

ಅಕ್ಕ ಬಾಗಿಲಲ್ಲೇ ನಿಂತಿದ್ದರು. ಮುಖ ಸಣ್ಣದಾಗಿತ್ತು. ಎಸಿ ಬೇಡ, ಒಲೆಯ ಮೇಲಿನ ಅಟ್ಟದ ಹೊಗೆಯೇ ಸಾಕು ಎಂದಿದ್ದ ಹೆಂಗಸರನ್ನೆಲ್ಲ ಒಪ್ಪಿಸಿದವರು ಅವರೇ. ಬೇಸಿಗೆಯಿಡೀ ಹಚ್ಚಿ ಒಣಗಿಸಿದ ಹಪ್ಪಳ ಕೆಟ್ಟರೆ ಇನ್ನು ಯಾರೂ ನನ್ನ ಮಾತು ಕೇಳುವುದಿಲ್ಲ, ಮುಂದಿನ ವರ್ಷ ಹಲಸು ಕೊಯ್ಯಲು ಒಬ್ಬರೂ ಬರುವುದಿಲ್ಲ ಎಂದರು. ನನ್ನ ನಗೆ ಅಲ್ಲಿಗೇ ಇಳಿಯಿತು.

ಕೋಣೆಯೊಳಗೆ ಹೋದರೆ ಸೆಖೆ. ಸರ್ ಹಣೆ ಒರೆಸಿಕೊಂಡು, "ಎಲ್ಲೈತ್ರೀ ಥಂಡಿ? ನನಗ ಬೆವರು ಇಳಿಯಾಕತ್ತೈತಿ," ಎಂದರು.

"ಇಷ್ಟು ಥಂಡಿ ಇದೆಯಲ್ಲ ಸರ್, ಮುಟ್ಟಿ ನೋಡಿ!" ಅಕ್ಕ ಡಬ್ಬಿಯಿಂದ ಒಂದು ಹಪ್ಪಳ ತೆಗೆದು ನನ್ನ ಕೈಗಿಟ್ಟರು. ಮುರಿಯಲು ನೋಡಿದೆ. ಅದು ಮುರಿಯಲಿಲ್ಲ, ಹಳೇ ಚರ್ಮದ ಹಾಗೆ ಮಡಚಿತು.

ಅಯ್ಯೋ ದೇವರೇ! ನಮ್ಮ ಮನೆಯಲ್ಲೂ ಮಳೆಗಾಲದಲ್ಲಿ ಗೋಡೆಗೆ ಥಂಡಿ, ಉಪ್ಪಿನ ಭರಣಿಗೆ ಥಂಡಿ, ಒಣಗದ ಲಂಗಕ್ಕೂ ಥಂಡಿ. ಥಂಡಿ ಅಂದರೆ ನಮಗೆ ಚಳಿಯೂ ಹೌದು, ಪಸೆಯೂ ಹೌದು, ಅಂದರೆ ತೇವ. ಹುಟ್ಟಿನಿಂದ ಆಡಿದ ಮಾತು, ಕ್ಲಾಸಿಗೆ ಹೋದದ್ದೇ ಮರೆತಿತ್ತು ನೋಡಿ.

"ಸರ್, ಅವರು ಚಳಿ ಅಂತ ಹೇಳಿದ್ದಲ್ಲ. ಪಸೆ, ಪಸೆ!"

ಸರ್ ಹಪ್ಪಳವನ್ನೂ ಅಕ್ಕನನ್ನೂ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಸಿ ಅನ್ರಿ ಯವ್ವಾ, ಹಸಿ! ನಾನಽ ಕೈಯ್ಯಾರೆ ಹಸಿ ಮಾಡಿಸೇನಲ್ಲ!" ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವ ಹಾಗೆ, ಎಸಿಯ ಒಳಗಿನ ತಣ್ಣನೆಯ ಕೊಳವೆಗೆ ಗಾಳಿಯ ಪಸೆ ನೀರಾಗಿ ಅಂಟಿ ಹೊರಗೆ ಹರಿಯುತ್ತದೆ. ಮಳೆಗಾಲದಲ್ಲಿ ಕೋಣೆ ಮೂವತ್ತು ಮುಟ್ಟುವುದೇ ಇಲ್ಲ; ಮೂವತ್ತಕ್ಕಿಟ್ಟರೆ ಕೊಳವೆ ತಣ್ಣಗಾಗುವುದೇ ಇಲ್ಲ, ಬರೀ ಫ್ಯಾನು ತಿರುಗುತ್ತದೆ. ಸರ್ ರಿಮೋಟನ್ನು ನನ್ನ ಕೈಗೆ ಕೊಟ್ಟು, "ನೀನಽ ಮಾಡು ತಂಗಿ," ಎಂದರು. ಪಸೆ ಎಳೆಯುವ ಬಟನ್ ಒತ್ತಿದೆ, ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿದೆ. ಹೊರಗಿನ ಪೈಪಿನಿಂದ ಹನಿ ಬೀಳಲು ಶುರುವಾಯಿತು. ಅಕ್ಕ ಬಕೆಟ್ ತಂದಿಟ್ಟು ಅದರ ಎದುರೇ ಕುಕ್ಕರುಗಾಲಲ್ಲಿ ಕೂತರು. ನಾನೂ ಕೂತೆ. ಕಣ್ಣಿಗೆ ಕಾಣದ್ದು ಹನಿಹನಿಯಾಗಿ ಬೀಳುವುದನ್ನು ನೋಡಿ ದಣಿಯಲಿಲ್ಲ.

"ಇಷ್ಟೂ ನೀರು ಈ ಕೋಣೇಲೇ ಇತ್ತಾ ತಂಗಿ?"

"ಇತ್ತಲ್ಲೇ ಅಕ್ಕಾ! ಗಾಳಿಲಿ."

ಹಪ್ಪಳ ಉಳಿಯುತ್ತದೆಯೋ ಇಲ್ಲವೋ ಆಗಲೇ ಹೇಳುವ ಹಾಗಿರಲಿಲ್ಲ. ಬಿಸಿಲು ಬಿದ್ದ ದಿನ ಒಮ್ಮೆ ಒಣಗಿಸಿ ಒಳಗಿಡಿ ಎಂದು ಹೇಳಿ ಬಂದೆವು. ಆಮೇಲೆ ಊಟ ಮಾಡುವಾಗಲೂ ನನಗೆ ಆ ಮಡಚಿದ ಹಪ್ಪಳದ್ದೇ ಚಿಂತೆ.

ಕೆಲವು ದಿನ ಕಳೆದು ಫೋನು ಬಂತು. ಸರ್‌ಗೆ ಅಲ್ಲ, ನನಗೇ. ಉಮ್ಮಚಗಿಯ ಅಕ್ಕನದು. ಚಟ್ ಎಂದು ಒಂದು ಸದ್ದು.

"ಕೇಳ್ಚಾ?" ಎಂದರು.

ಉತ್ತರ ಕೊಡುವುದರೊಳಗೆ ಹಿಂದಿನಿಂದ ಇನ್ನೊಂದು ಚಟ್, ಮತ್ತೊಂದು, ಆ ಮೇಲೆ ಹೆಂಗಸರ ನಗೆ. ಒಬ್ಬೊಬ್ಬರೂ ಹಪ್ಪಳ ಮುರಿದು ಕೇಳಿಸುತ್ತಿದ್ದರು. ನನ್ನ ಕಣ್ಣು ತುಂಬಿತು.

"ಸಾಕೇ ಅಕ್ಕಾ," ಎಂದು ಕೂಗಿದೆ. "ಮಾರಲೆ ಎಂತಾರೂ ಉಳಿಸ್ಕಳಿ!"