ಸೈರೂನ್ ಬಿಚ್ಚಿದ ಬಾಗಿಲು

ಫಿಜಿಯ ಲಬಾಸಾದಲ್ಲಿ, ಕಬ್ಬಿನ ಗದ್ದೆ ಮುಗಿಯುವ ಕಡೆ ನಮ್ಮ ಕೇರಿ. ನನ್ನ ನಾದಿನಿ ಸೈರೂನ್‌ಳ ಗಂಡ ಅಲ್ಲಿನ ಬಡಗಿ. ಅವನು ತೀರಿಕೊಂಡ ಮೇಲೆ ಹತಾರದ ಪೆಟ್ಟಿಗೆ ಹಿಡಿದು ಇವಳೇ ಕೆಲಸಕ್ಕೆ ಹೊರಟಳು. ಇವಳು ಕೂರಿಸಿದ ನನ್ನ ಅಡುಗೆಮನೆ ಕಿಟಕಿ ಇವತ್ತಿಗೂ ಪೂರ್ತಿ ಮುಚ್ಚುವುದಿಲ್ಲ. ಕೇಳಿದರೆ, "ಗಾಳಿ ಬರ್ಲಿ ಅಂತ ಹಾಗೆ ಮಾಡಿದ್ದು ಭಾಭಿ" ಅನ್ನುತ್ತಾಳೆ.

ಆ ವರ್ಷ ಮಸೀದಿಗೆ ಹೊಸ ಮೌಲ್ವಿ ಬಂದರು. ಒಳ್ಳೆ ಕಂಠ. ಶುಕ್ರವಾರ ಬಂದರೆ ಒಂದೇ ಉಪದೇಶ: ಪರಗಂಡಸು, ಪರಹೆಂಗಸು ಒಂದು ಕೋಣೆಯಲ್ಲಿ ಇಬ್ಬರೇ ಇರಕೂಡದು, ಮೂರನೆಯವನಾಗಿ ಶೈತಾನ ಬಂದು ಕೂರುತ್ತಾನೆ. ಆದರೆ ಮಸೀದಿ ಪಕ್ಕದ ಕೋಣೆಗೆ, ನೋವು ಕಾಯಿಲೆಗೆ ದುವಾ ಓದಿ ಊದಲು, ಹೆಂಗಸರನ್ನು ಒಬ್ಬೊಬ್ಬರನ್ನೇ ಕರೆದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಲ್ಲಿ ಶೈತಾನನಿಗೆ ರಜೆ ಇತ್ತೋ ಏನೋ. ನಾವೂ ಕೇಳಲಿಲ್ಲ.

ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಫರೀನಾ, ಎರಡು ಮಕ್ಕಳ ತಾಯಿ, ತಲೆನೋವಿಗೆಂದು ಆ ಕೋಣೆಗೆ ಹೋದಳು. ಹೊರಬಂದವಳು ನೇರ ಸೈರೂನ್ ಮನೆಗೆ ಬಂದು, ಮರಗೆಣಸು ಸುಲಿಯುತ್ತಿದ್ದ ನಮ್ಮಿಬ್ಬರ ಮುಂದೆ ಅತ್ತಳು.

"ಚಾಚಿ, ಊದ್ತೀನಿ ಅಂತ ಮೈಮೇಲೆ ಕೈ ಹಾಕಿದ್ರು. ಹೇಳಿದ್ರೆ ಯಾರು ನಂಬ್ತಾರೆ?"

ಮರುದಿನ ಮಧ್ಯಾಹ್ನದ ನಮಾಜು ಮುಗಿಯುವಷ್ಟರಲ್ಲಿ ಸೈರೂನ್ ಆ ಕೋಣೆಯ ಬಾಗಿಲನ್ನು ಕೀಲು ಸಮೇತ ಬಿಚ್ಚಿ ಗೋಡೆಗೆ ಒರಗಿಸಿದ್ದಳು. ಒಂದು ಗೀರೂ ಬೀಳದಂತೆ ಅವಳು ಮಾಡಿದ ಕೆಲಸ ಅದೊಂದೇ. ಫರೀನಾಳೂ ನಾನೂ ಪಕ್ಕದಲ್ಲಿ ನಿಂತಿದ್ದೆವು. ಮಸೀದಿ ಕಮಿಟಿಯ ಯಾಕೂಬ್ ಭಾಯಿ ಓಡಿ ಬಂದರು.

"ಏನಿದು ಸೈರೂನ್ ಬಹೆನ್?"

"ರಿಪೇರಿ. ಮೌಲ್ವಿ ಸಾಬ್ರ ಉಪದೇಶದ ಪ್ರಕಾರ."

ಫರೀನಾಳ ವಿಷಯ ಕೇಳಿ ಅವರು ದನಿ ತಗ್ಗಿಸಿದರು. "ಮುಸಲ್ಮಾನನ ತಪ್ಪು ಮುಚ್ಚಬೇಕು ಅಂತ ನಮ್ಮ ದೀನ್-ಧರ್ಮ ಹೇಳುತ್ತೆ. ಇಂಥ ಆರೋಪಕ್ಕೆ ನಾಲ್ಕು ಜನ ಸಾಕ್ಷಿ ಬೇಕು, ಇದಾರಾ?"

"ಬಾಗಿಲು ಹಾಕಿದ್ ಮೇಲೆ ನಾಲ್ಕು ಜನ ಎಲ್ಲಿಂದ ನೋಡ್ತಾರೆ ಭಾಯಿ, ಸೂರಿಗೆ ನೇತಾಡ್ಕೊಂಡಾ? ಒಬ್ಬ ತನ್ನ ಪಾಡಿಗೆ ಮಾಡ್ಕೊಂಡ ತಪ್ಪನ್ನ ಮುಚ್ಚೋಣ. ಇನ್ನೊಬ್ರಿಗೆ ಮಾಡಿದ ಅನ್ಯಾಯ ಮುಚ್ಚಿದ್ರೆ ಅಲ್ಲಾಹನ ಮುಂದೆ ನೀವೂ ಜವಾಬು ಕೊಡ್ಬೇಕು. ನಾಲ್ಕು ಸಾಕ್ಷಿ ಅಂದಿದ್ದು ಸುಳ್ಳು ಅಪವಾದದಿಂದ ಹೆಂಗಸ್ರ ಮಾನ ಕಾಯೋಕೆ. ಮೌಲ್ವಿಗಳ ಕಾವಲಿಗಲ್ಲ."

ಯಾಕೂಬ್ ಭಾಯಿ ಫರೀನಾ ಕಡೆ ತಿರುಗಿದರು. "ನೀನೇ ತಪ್ಪು ತಿಳ್ಕೊಂಡಿರ್ಬೇಕು ಮಗಳೇ."

ಅಷ್ಟರಲ್ಲಿ ಅವರ ಹೆಂಡತಿ ಜೈತೂನ್ ಬಂದು ನಿಂತಿದ್ದಳು, ಮೌಲ್ವಿಗೆಂದು ದಿನವೂ ತರುವ ಊಟದ ಡಬ್ಬಿ ಹಿಡಿದು.

"ನಾನೂ ತಪ್ಪು ತಿಳ್ಕೊಂಡಿದ್ದೆ ಅಂತೀರಾ?" ಅಂದಳು. "ರಂಜಾನ್‌ಗೆ ಮುಂಚೆ ಮೊಣಕಾಲು ನೋವಿಗೆ ಹೋಗಿದ್ದೆನಲ್ಲ. ನಿಮಗೆ ಯಾಕೆ ಹೇಳ್ಲಿಲ್ಲ ಅಂತ ಈಗ ಗೊತ್ತಾಯ್ತಾ?"

ಯಾಕೂಬ್ ಭಾಯಿ ಹೆಂಡತಿಯ ಕೈಯಿಂದ ಡಬ್ಬಿ ತೆಗೆದು ಮೆಟ್ಟಿಲ ಮೇಲೆ ಇಟ್ಟರು. "ಕಾರು ತರ್ತೀನಿ. ಪೊಲೀಸ್ ಸ್ಟೇಷನ್ನಿಗೆ ಹೋಗೋಣ" ಅಂದರು. ಮೌಲ್ವಿ ಮಸೀದಿಯೊಳಗಿಂದ ಹೊರಗೆ ಬರಲೇ ಇಲ್ಲ.

ಸ್ಟೇಷನ್ನಿನಲ್ಲಿ ಪೊಲೀಸ್ ಹೆಂಗಸು, "ನಡೆದದ್ದನ್ನ ಯಾರು ಹೇಳ್ತೀರಿ?" ಅಂದಳು. ಸೈರೂನ್ ಬಾಯಿ ತೆರೆದೇಬಿಟ್ಟಳು. ನಾನು ಅವಳ ದುಪಟ್ಟಾ ಹಿಡಿದೆಳೆದು ಕೂರಿಸಿದೆ.

ಫರೀನಾ ಕುರ್ಚಿ ಮುಂದಕ್ಕೆ ಸರಿಸಿಕೊಂಡಳು. "ನಾನು ಹೇಳ್ತೀನಿ. ಬರ್ಕೊಳ್ಳಿ."