ತಂತಿಯಣ್ಣನ ಜರಡಿ

ಕಚೇರಿಯಲ್ಲಿ ಎಲ್ಲರೂ ಅವನನ್ನು ತಂತಿಯಣ್ಣ ಎಂದೇ ಕರೆಯುತ್ತಿದ್ದರು. ಆ ಹೆಸರು ಅವನಿಗೆ ಒಪ್ಪುತ್ತಲೂ ಇತ್ತು. ಹಿಂದೆ ತಂತಿ, ಅಂದರೆ ಟೆಲಿಗ್ರಾಂ, ಮಾಡುತ್ತಿದ್ದ ಕೆಲಸವನ್ನೇ ಅವನು ಬರೆದ ಪ್ರೋಗ್ರಾಂ ಮಾಡುತ್ತಿತ್ತು: ಒಂದು ಯಂತ್ರದ ಸುದ್ದಿಯನ್ನು ಇನ್ನೊಂದು ಯಂತ್ರಕ್ಕೆ ಮುಟ್ಟಿಸುವುದು, ಅದೂ ಕಣ್ಣು ಮಿಟುಕಿಸುವುದರೊಳಗೆ. ನೀರಿನ ಬಾಟಲಿ ತುಂಬುವ ಕಾರ್ಖಾನೆಯಲ್ಲಿ ‘ಬಾಟಲಿ ಬಂತು’ ಎಂಬ ಸುದ್ದಿ ಹೊರಟರೆ ಮುಚ್ಚಳ ಹಾಕುವ ಯಂತ್ರಕ್ಕೆ ಅದು ಆಗಲೇ ಸಿಗಬೇಕು. ಕೊಂಚ ತಡವಾದರೂ ಮುಚ್ಚಳ ಗಾಳಿಗೆ ಬೀಳುತ್ತದೆ. ಹೀಗೆ ನಡುವೆ ಕೂತು ಸುದ್ದಿ ಸಾಗಿಸುವ ಪ್ರೋಗ್ರಾಮಿಗೆ ಅವನ ಕಸುಬಿನವರು ಮಿಡ್ಲ್‌ವೇರ್ ಎನ್ನುತ್ತಾರೆ. ನಾವು ನಡುವಿನವನು ಎಂದರೆ ಸಾಕು.

ಪ್ರೋಗ್ರಾಮಿನ ಹೊಸ ಆವೃತ್ತಿ ಹೊರಬಂದಾಗಲೆಲ್ಲ ಅದರ ಜೊತೆಗೆ ತಂತಿಯಣ್ಣ ಒಂದು ಪುಟ ಬರೆಯುತ್ತಿದ್ದ. ತಲೆಬರಹ ‘ಸ್ಥಿತಿಗತಿ ಮತ್ತು ಗೊತ್ತಿರುವ ದೋಷಗಳು’. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಈ ಪುಣ್ಯಾತ್ಮ ಮಾತ್ರ ತನ್ನ ಹೆಗ್ಗಣದ ಬಾಲ ಎಷ್ಟುದ್ದ, ಹಲ್ಲು ಎಷ್ಟು ಚೂಪು ಎಂದು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದ. ‘ಕೇಳುತ್ತಿದ್ದವರು ನಡುವೆ ಎದ್ದುಹೋಗಿ ಮತ್ತೆ ಬಂದರೆ ಆ ಹೊತ್ತಿನ ಸುದ್ದಿ ಹೋದದ್ದೇ. ಕ್ಷಮಿಸಿ.’ ‘ತುಂಬಾ ಸುದ್ದಿ ಒಟ್ಟಿಗೆ ಬಂದರೆ ಇದಕ್ಕೆ ಗಾಬರಿಯಾಗುತ್ತದೆ. ಸಮಾಧಾನವಾಗಿ ಕಳಿಸಿ.’ ಇಂಥದ್ದು.

“ಮಾರೋ ಸಾಮಾನಿನ ಹೆಸರನ್ನ ಯಾರಾದ್ರೂ ಹೀಗೆ ಕೆಡಿಸ್ತಾರೇನ್ರೀ?” ಎಂದು ಮ್ಯಾನೇಜರು ಹಣೆ ಚಚ್ಚಿಕೊಂಡರೆ ಅವನದು ಒಂದೇ ಉತ್ತರ. “ಸೋರೋ ಬಕೆಟ್ಟನ್ನ ಸೋರುತ್ತೆ ಅಂತ ಹೇಳಿ ಕೊಟ್ರೆ ತಗೊಂಡವರು ಬೇಗ ನಡೀತಾರೆ ಸಾರ್.”

ಇಷ್ಟು ಪ್ರಾಮಾಣಿಕನೂ ಒಂದು ವಿಷಯದಲ್ಲಿ ಮಾತ್ರ ಹಟ ಬಿಡುತ್ತಿರಲಿಲ್ಲ. ಅದು ಜರಡಿ. ಎಲ್ಲ ಸುದ್ದಿಯೂ ಎಲ್ಲರಿಗೂ ಬೇಡವಲ್ಲ. ಯಾರಿಗೆ ಯಾವುದು ಬೇಡವೋ ಅದನ್ನು ನಡುವೆಯೇ ಸೋಸಿ ಎಸೆಯುವ ಏರ್ಪಾಡು ಮಾಡಿದ್ದ. ಅವನಿಗೆ ಅದರ ಮೇಲೆ ಬಲು ಹೆಮ್ಮೆ. ಪುಟದ ಕೊನೆಯಲ್ಲಿ ಪ್ರತಿ ಸಲವೂ ಬರೆಯುತ್ತಿದ್ದ: ‘ಜರಡಿ ಬಿಗಿಯಾದರೆ ಬೇಕಾದ ಸುದ್ದಿಯೂ ನಿಂತುಬಿಡಬಹುದು. ಇದು ದೋಷವಲ್ಲ. ಬಳಸುವವರ ತಪ್ಪು.’

ಮನೆಯಲ್ಲೂ ಅವನು ನಡುವಿನವನೇ. ಮೇಲೆ ದೊಡ್ಡಣ್ಣ, ಬಡಗಿ. ಕೋಪ ಮೂಗಿನ ತುದಿಯಲ್ಲಿ. ಕೆಳಗೆ ತಂಗಿ, ಹೊಲಿಗೆ ಅಂಗಡಿಯವಳು. ಅವಳ ಕೋಪಕ್ಕೆ ಮೂಗಿನ ತುದಿಯೂ ಸಾಲದು. ಅಮ್ಮ ತೀರಿಕೊಂಡ ಮೇಲೆ ಅವರ ಹಳೆಯ ಹೊಲಿಗೆ ಯಂತ್ರವನ್ನು ದೊಡ್ಡಣ್ಣ ಯಾರನ್ನೂ ಕೇಳದೆ ಗುಜರಿಯವನಿಗೆ ಕೊಟ್ಟುಬಿಟ್ಟ. ತಂಗಿ ಸೂಜಿ ಹಿಡಿಯಲು ಕಲಿತದ್ದು ಆ ಯಂತ್ರದ ಕಾಲ ಬಳಿ ಕೂತು. ಅಂದಿನಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಎರಡು ಬೀದಿ ಆಚೀಚೆ ಇದ್ದುಕೊಂಡೂ ಮಾತಿಲ್ಲ. ಏನಿದ್ದರೂ ತಂತಿಯಣ್ಣನ ಮೂಲಕ.

ಅವನು ಸಾಗಿಸಿದ. ಆದರೆ ಸೋಸಿ ಸಾಗಿಸಿದ. ಯಂತ್ರ ಕೊಟ್ಟದ್ದೇಕೆ ಎಂದು ಕೇಳಿದಾಗ ದೊಡ್ಡಣ್ಣ ಅಂದದ್ದು, “ಮೂಲೇಲಿ ಅದನ್ನ ನೋಡಿದಾಗೆಲ್ಲ ಅಮ್ಮ ಕೂತ ಹಾಗೇ ಇರೋದು ಕಣೋ, ನನ್ನ ಕೈಲಿ ಆಗಲಿಲ್ಲ.” ಇದನ್ನು ಹೇಳಿದರೆ ತಂಗಿ ಅತ್ತಾಳೆಂದು ತಂತಿಯಣ್ಣ, “ಜಾಗ ಸಾಲದೆ ಕೊಟ್ಟನಂತೆ” ಅಂದ. ಅದಕ್ಕೆ ತಂಗಿ, “ಆ ಕಟುಕನಿಗೆ ಹೇಳು, ನನ್ನ ಜಾಗವನ್ನೂ ಖಾಲಿ ಮಾಡಿಕೊಟ್ಟೆ ಅಂತ” ಅಂದರೆ, ಇವನು ಅಣ್ಣನ ಬಳಿ, “ಸರಿ ಅಂದಳು” ಎಂದು ತಿಪ್ಪೆ ಸಾರಿಸಿದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ವರ್ಷಗಟ್ಟಲೆ ಹಾವು ಕೋಲು ಎರಡೂ ಮನೆಯಲ್ಲೇ ಉಳಿದವು.

ಹೀಗಿರುವಾಗ ದೊಡ್ಡಣ್ಣನ ಗಂಟಲಲ್ಲಿ ಗಡ್ಡೆ ಕಾಣಿಸಿತು. ತೆಗೆಯಲೇಬೇಕು, ತೆಗೆದ ಮೇಲೆ ದನಿ ಉಳಿಯುತ್ತದೆಂದು ಹೇಳಲಾರೆವು ಅಂದರು ಡಾಕ್ಟರು. ಆಸ್ಪತ್ರೆಗೆ ಸೇರಿದ ದಿನ ಅವನು ತಮ್ಮನನ್ನು ಹತ್ತಿರ ಕರೆದ. ದನಿ ಆಗಲೇ ಬಡಗಿಯ ಉಜ್ಜುಕಾಗದದಂತೆ ಒರಟಾಗಿತ್ತು.

“ಆ ಹಟಮಾರಿಗೆ ಹೇಳು. ಸೊಕ್ಕಿನವಳು, ಕಲ್ಲೆದೆಯವಳು, ನಾನು ಮೂಗನಾಗೋ ಮುಂಚೆ ಒಂದು ಸಲ ಬಂದು ನನ್ನ ಹತ್ರ ಬೈಸಿಕೊಂಡು ಹೋಗಲಿ ಅಂತ. ಇಲ್ಲದಿದ್ರೆ ಇಷ್ಟು ದಿನ ಕೂಡಿಟ್ಟಿರೋ ಬೈಗುಳ ನನ್ನೊಳಗೇ ಕೊಳೆಯುತ್ತೆ.”

ತಂತಿಯಣ್ಣ ನೇರ ತಂಗಿಯ ಅಂಗಡಿಗೆ ಹೋದ. ಹೋಗುವ ದಾರಿಯಲ್ಲೇ ಜರಡಿ ತನ್ನ ಕೆಲಸ ಮುಗಿಸಿತ್ತು. “ದೊಡ್ಡಣ್ಣನಿಗೆ ಒಂದು ಸಣ್ಣ ಆಪರೇಷನ್. ಗಾಬರಿ ಏನಿಲ್ಲ. ಪುರುಸೊತ್ತಿದ್ರೆ ಬಾ ಅಂದ.”

ತಂಗಿ ಬಟ್ಟೆಯ ಮೇಲಿನ ಸೀಮೆಸುಣ್ಣದ ಗೆರೆಯಿಂದ ಕಣ್ಣೆತ್ತಲಿಲ್ಲ. “ಪುರುಸೊತ್ತಿದ್ರೆ ಅಂದನಾ? ಇಲ್ಲ ಅಂತ ಹೇಳು.”

ಆಸ್ಪತ್ರೆಯಲ್ಲಿ ಅದು, “ಸ್ವಲ್ಪ ಕೆಲಸ ಇದೆಯಂತೆ, ನೋಡ್ತಾಳಂತೆ” ಎಂದಾಯಿತು. ದೊಡ್ಡಣ್ಣ ಗೋಡೆಯ ಕಡೆ ತಿರುಗಿ ಮಲಗಿದ. ಅವನು ಬೈಯದೆ ಹೀಗೆ ಮಲಗಿದ್ದನ್ನು ತಂತಿಯಣ್ಣ ಹಿಂದೆಂದೂ ನೋಡಿರಲಿಲ್ಲ.

ಮರುದಿನ, ಅಂದರೆ ಆಪರೇಷನ್ನಿನ ಹಿಂದಿನ ದಿನ, ಬಾಟಲಿ ಕಾರ್ಖಾನೆಯ ಮೇಲ್ವಿಚಾರಕಿ ಫೋನು ಮಾಡಿದಳು. ಮುಚ್ಚಳ ಮುಗಿಯುತ್ತಿದೆ ಎಂದು ಯಂತ್ರ ಬಾರಿಬಾರಿಗೂ ಕೂಗಿತ್ತು. ಅದು ಸಣ್ಣ ಸುದ್ದಿಯೆಂದು ಜರಡಿ ತಡೆದಿತ್ತು. ಮುಚ್ಚಳವಿಲ್ಲದ ಬಾಟಲಿಗಳು ಸಾಲಾಗಿ ಬಂದು ಮಗುಚಿ, ನೆಲವೆಲ್ಲ ಈಜುಕೊಳವಾಗಿತ್ತು.

“ಜರಡಿ ಬಿಗಿ ಮಾಡಿದ್ದು ನೀವೇ ಅಲ್ವಾ ಮೇಡಂ,” ಅಂದ ತಂತಿಯಣ್ಣ. “ಪುಟದಲ್ಲಿ ಬರೆದಿದೀನಿ. ಅದು ದೋಷ ಅಲ್ಲ.”

“ಓದಿದೀನಿ ಸ್ವಾಮಿ. ಸೋಸಿ, ಬೇಡ ಅನ್ನಲ್ಲ. ಸೋಸಿದೀನಿ ಅಂತ ಒಂದು ಮಾತು ಹೇಳಬೇಕೋ ಬೇಡವೋ? ಆ ಕಡೆಯವರು ಕೂಗಿ ಕೂಗಿ ಸಾಕಾಯ್ತು ಅಂತಾರೆ. ಈ ಕಡೆಯವರು ಒಂದು ಮಾತೂ ಬರಲಿಲ್ಲ ಅಂತಾರೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ನಡುವೆ ಕೂತಿರೋದು ಮಾತ್ರ ಎಲ್ಲಾ ಸರಿಯಿದೆ ಅಂತ ಹಸಿರು ದೀಪ ತೋರಿಸ್ತಿದೆ.”

ಅವಳು ಬೈದದ್ದು ಪ್ರೋಗ್ರಾಮನ್ನು. ಹೆಗಲು ಮುಟ್ಟಿ ನೋಡಿಕೊಂಡವನು ತಂತಿಯಣ್ಣ. ಜರಡಿಯನ್ನು ಸಡಿಲ ಮಾಡುವುದು ಹೇಗೆಂದು ತಡವರಿಸುತ್ತ ಹೇಳಿಕೊಟ್ಟು, ಕುರ್ಚಿಯ ಮೇಲಿದ್ದ ಚೀಲವನ್ನೂ ಮರೆತು, ತಂಗಿಯ ಅಂಗಡಿಗೆ ಹೆಚ್ಚುಕಡಿಮೆ ಓಡಿದ.

“ನಿನ್ನೆ ಹೇಳಿದ್ದು ಅವನ ಮಾತಲ್ಲ,” ಅಂದ ಏದುಸಿರು ಬಿಡುತ್ತ. “ಅವನು ಅಂದಿದ್ದು ಇದು. ನೀನು ಹಟಮಾರಿಯಂತೆ.”

ತಂಗಿಯ ಕತ್ತರಿ ನಿಂತಿತು.

“ಸೊಕ್ಕಿನವಳಂತೆ. ಕಲ್ಲೆದೆಯಂತೆ. ನಾಳೆ ಅವನ ದನಿ ಹೋಗಬಹುದು. ಅಷ್ಟರೊಳಗೆ ಹೋಗಿ ಬೈಸಿಕೊಂಡು ಬರಬೇಕಂತೆ.” ಉಸಿರೆಳೆದುಕೊಂಡು ಹಳೆಯದನ್ನೂ ಹೇಳಿದ, “ಆ ಮಿಷಿನ್ನು ಕೊಟ್ಟಿದ್ದು ಜಾಗ ಸಾಲದೆ ಅಲ್ಲ. ಅದನ್ನ ನೋಡಿದ್ರೆ ಅಮ್ಮ ಕೂತ ಹಾಗಿರೋದಂತೆ.”

ಅವಳು ಕತ್ತರಿಯನ್ನು ಕೆಳಗಿಟ್ಟಳು. ಆಮೇಲೆ ಮೆಲ್ಲಗೆ, “ಇಷ್ಟು ವರ್ಷದಲ್ಲಿ ಅವನು ಒಂದು ಸಲವೂ ನನ್ನನ್ನ ಬೈದಿಲ್ಲ ಸಣ್ಣಣ್ಣ,” ಅಂದಳು. “ನೀನು ತಂದು ಕೊಡ್ತಿದ್ದೆಯಲ್ಲ, ಉಪ್ಪೂ ಇಲ್ಲ ಖಾರವೂ ಇಲ್ಲ, ಬ್ಯಾಂಕಿನವರು ಕಳಿಸಿದ ಹಾಗೆ. ಅಣ್ಣ ನನ್ನನ್ನ ಪೂರ್ತಿ ಬಿಟ್ಟೇಬಿಟ್ಟ ಅಂದ್ಕೊಂಡಿದ್ದೆ.” ಕಣ್ಣಲ್ಲಿ ನೀರು ಸುರಿಯುತ್ತಿದ್ದಂತೆಯೇ ಅಂಗಡಿಯ ಬಾಗಿಲು ಎಳೆದಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು.

ಆಸ್ಪತ್ರೆಯ ಕೋಣೆಯ ಬಾಗಿಲಲ್ಲಿ ತಂತಿಯಣ್ಣ ನಿಂತುಬಿಟ್ಟ. “ನೀನು ಹೋಗು. ನಾನು ನಡುವೆ ಬರಲ್ಲ.”

ಅವಳು ಒಳಗೆ ಕಾಲಿಟ್ಟದ್ದೇ ಶುರುವಾಯಿತು. “ಬಂದೆಯಾ, ಕಲ್ಲೆದೆಯವಳೇ.” “ಕಟುಕ ನೀನು, ಒಂದು ಮಾತು ನನ್ನನ್ನ ಕೇಳಬಾರದಿತ್ತಾ?” “ಕೇಳಿದ್ರೆ ನೀನು ಅಳ್ತಿದ್ದೆ, ನಾನೂ ಅಳ್ತಿದ್ದೆ.” “ಅತ್ತಿದ್ರೆ ಏನು ಗಂಟು ಹೋಗ್ತಿತ್ತು ನಿಂದು?” ಉಜ್ಜುಕಾಗದದ ದನಿ ಏರಿತು, ಹೊಲಿಗೆಯವಳ ದನಿ ಅದರ ಮೇಲೆ ಏರಿತು. ಗದ್ದಲ ಕೇಳಿ ನರ್ಸು ಧಾವಿಸಿ ಬಂದಳು.

“ದಯವಿಟ್ಟು ಸ್ವಲ್ಪ ಹೊತ್ತು ಬಿಡಿ ಸಿಸ್ಟರ್,” ಅಂದ ತಂತಿಯಣ್ಣ ಅವಳ ದಾರಿಗೆ ಅಡ್ಡ ನಿಂತು. “ನಾಳೆಯಿಂದ ಅಷ್ಟು ಜೋರಾಗಿ ಬೈಯೋಕೆ ಅವನಿಗೆ ಆಗುತ್ತೋ ಇಲ್ವೋ.” ಅವಳು ಅವನ ಮುಖ ನೋಡಿ ಸುಮ್ಮನೆ ಹಿಂದಿರುಗಿದಳು. ಅವನು ಬೆಂಚಿನ ಮೇಲೆ ಕೂತು ಒಂದು ಬೈಗುಳವನ್ನೂ ಬಿಡದೆ ಕೇಳಿಸಿಕೊಂಡ. ಅಷ್ಟು ಸುಖವಾಗಿ ಅವನು ಕೂತು ಎಷ್ಟೋ ಕಾಲವಾಗಿತ್ತು.

ದನಿ ಪೂರ್ತಿ ಹೋಗಲಿಲ್ಲ, ಪೂರ್ತಿ ಉಳಿಯಲೂ ಇಲ್ಲ. ಕಿವಿಯನ್ನು ಬಾಯಿಗೆ ತಂದರೆ ಮಾತ್ರ ಕೇಳಿಸುವಷ್ಟು ಪಿಸುಮಾತು ಮಿಕ್ಕಿತು. ಈಗ ಸಂಜೆ ಅಂಗಡಿ ಮುಚ್ಚಿದ ಮೇಲೆ ತಂಗಿ ಬಡಗಿಯ ಷೆಡ್ಡಿಗೆ ಬಂದು ಕೂರುತ್ತಾಳೆ. ಅಣ್ಣ ಅವಳ ಕಿವಿಯಲ್ಲಿ ಅಂದದ್ದನ್ನು ಅವಳು ಗಿರಾಕಿಗಳಿಗೆ ಗಟ್ಟಿಯಾಗಿ ಹೇಳುತ್ತಾಳೆ. ಒಂದು ಬೈಗುಳವೂ ಕಡಿಮೆಯಾಗುವುದಿಲ್ಲ. ಕೆಲವೊಮ್ಮೆ ಎರಡು ಹೆಚ್ಚಾಗುತ್ತವೆ.

ಹೊಸ ಆವೃತ್ತಿ ಹೊರಬಂದ ದಿನ ತಂತಿಯಣ್ಣ ಷೆಡ್ಡಿಗೆ ಹೋದ. ಪುಟದ ಕೊನೆಯಲ್ಲಿದ್ದ ಜರಡಿಯ ಮಾತನ್ನು ಎತ್ತಿ ದೋಷಗಳ ಮೊಟ್ಟಮೊದಲ ಸಾಲಿಗೆ ಹಾಕಿದೆ, ‘ಬಳಸುವವರ ತಪ್ಪು’ ಎಂಬುದನ್ನು ಹೊಡೆದುಹಾಕಿದೆ ಎಂದು ಹೇಳಿದ. ದೊಡ್ಡಣ್ಣನಿಗೆ ಎಷ್ಟು ಅರ್ಥವಾಯಿತೋ, ಉಳಿ ಕೆಳಗಿಟ್ಟು ತಂಗಿಯ ಕಿವಿಗೆ ಬಾಗಿ ಏನೋ ಅಂದ.

“ದೊಡ್ಡಣ್ಣ ಹೇಳ್ತಾನೆ,” ಅಂದಳು ತಂಗಿ, “ಸಣ್ಣಣ್ಣನಂಥ ದಡ್ಡ ಶಿಖಾಮಣಿ ಇನ್ನೊಬ್ಬ ಇಲ್ಲ. ನಾವಿಬ್ಬರೂ ಬೈದದ್ದನ್ನೆಲ್ಲ ಇಷ್ಟು ವರ್ಷ ಒಬ್ಬನೇ ನುಂಗಿಕೊಂಡು, ಪಾಪ, ಅದು ಹೇಗೆ ಬದುಕಿದನೋ ಅಂತ.”

ತಂತಿಯಣ್ಣ ಮರದ ಪುಡಿ ಕಣ್ಣಿಗೆ ಬಿದ್ದವನಂತೆ ಕಣ್ಣುಜ್ಜಿಕೊಂಡ. “‘ಪಾಪ’ ಅನ್ನೋದು ಅವನು ಹೇಳಿದ್ದಾ, ನೀನು ಸೇರಿಸಿದ್ದಾ?”

“ಅವನೇ ಹೇಳಿದ್ದು,” ಅಂದಳು ಅವಳು. “ಎರಡು ಸಲ ಹೇಳಿದ.”