ಸಾಕ್ಷಿಯ ಪಾಲು

ಆ ಬೀದಿಯವರೆಲ್ಲ ಅವಳನ್ನು ಮುಳ್ಳಮ್ಮ ಎಂದೇ ಕರೆಯುತ್ತಿದ್ದರು. ತಕ್ಕಡಿ ರಿಪೇರಿ ಅಂಗಡಿಯಲ್ಲಿ ಕೂತು, ತಕ್ಕಡಿಯ ಮುಳ್ಳು ಸೊನ್ನೆಯ ಮೇಲೆ ನೆಟ್ಟಗೆ ನಿಂತಿದೆಯೇ ಎಂದು ನೋಡುವುದು ಅವಳ ಕೆಲಸ. ನಾಲಿಗೆಗೂ ಆ ಹೆಸರು ಒಪ್ಪುತ್ತದೆ ಎಂದು ನಗುವವರೂ ಇದ್ದರು. ಹೆಸರಿಟ್ಟವರು ಅಂಗಡಿಯ ಯಜಮಾನರೇ. ಔಷಧದಂಗಡಿಗಳಿಂದ, ಕಾಲೇಜಿನ ಪ್ರಯೋಗಾಲಯಗಳಿಂದ, ಚಿನ್ನದ ಕೆಲಸದವರಿಂದ ಸೂಕ್ಷ್ಮ ತಕ್ಕಡಿಗಳು ಅವರ ಕೈಗೆ ಬರುತ್ತಿದ್ದವು. ಅವರು ರಿಪೇರಿ ಮಾಡಿ ಮೇಜಿನ ಆ ಬದಿಯಿಂದ ಈ ಬದಿಗೆ ಸರಿಸುವರು. ಅವಳು ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಉಸಿರು ಬಿಗಿಹಿಡಿದು ಪರೀಕ್ಷಿಸುವಳು. ಸರಿಯಿದ್ದರೆ ಚೀಟಿಯ ಮೇಲೆ ಅವರ ರುಜು, ಅದರ ಕೆಳಗೆ ಇವಳದು.

ಈ ಪದ್ಧತಿಯನ್ನು ಯಜಮಾನರು ಎಂದೂ ಮುರಿದವರಲ್ಲ. ತಾನು ಸರಿಪಡಿಸಿದ್ದನ್ನು ತಾನೇ ಪರೀಕ್ಷಿಸಬಾರದು, ಕಣ್ಣು ಸುಳ್ಳು ಹೇಳದಿದ್ದರೂ ಆಸೆಯಂತೂ ಪಡುತ್ತದೆ, ಎನ್ನುತ್ತಿದ್ದರು. ಅವರು ಮದುವೆಯಾಗಲಿಲ್ಲ. ಅವಳೂ ಆಗಲಿಲ್ಲ. ಇಬ್ಬರ ನಡುವೆ ಏನಿದೆ ಎಂದು ಬೀದಿ ಕೆಲಕಾಲ ತಲೆ ಕೆಡಿಸಿಕೊಂಡು, ಆಡಿಕೊಳ್ಳಲು ಏನೂ ಸಿಗದೆ ಸುಮ್ಮನಾಯಿತು. ಏನಿದೆ ಎಂಬುದು ಅವಳಿಗೂ ಖಚಿತವಿರಲಿಲ್ಲ. ಅವರು ಎಂದಾದರೊಂದು ದಿನ ಬಾಯಿಬಿಟ್ಟು ಹೇಳಬಹುದೆಂದು ಕಾದಳು. ಕಾಯುತ್ತಲೇ ಕೂದಲು ನರೆಯಿತು.

ಒಂದು ಬೆಳಗ್ಗೆ ಯಜಮಾನರು ಹಾಸಿಗೆಯಿಂದ ಏಳಲಿಲ್ಲ. ಅವರ ಬಟ್ಟೆಬರೆ ಎತ್ತಿಡುವಾಗ ಬೀರುವಿನಲ್ಲಿ ಅವರೇ ಕೈಯಾರೆ ಬರೆದ ಉಯಿಲು ದೊಡ್ಡಕ್ಕನಿಗೆ ಸಿಕ್ಕಿತು. ಗಂಡನನ್ನು ಕಳೆದುಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದ ಆಕೆಯನ್ನು ಮುಳ್ಳಮ್ಮನೂ ಅಕ್ಕ ಎಂದೇ ಕರೆಯುತ್ತಿದ್ದಳು. ಮನೆಯನ್ನು ಆಕೆಯ ಹೆಸರಿಗೆ ಮಾಡಿಕೊಡಲು ಬರಿಯ ಉಯಿಲು ಸಾಲದು, ಇದು ಸತ್ತವರದೇ ಕೊನೆಯ ಉಯಿಲು ಎಂದು ನ್ಯಾಯಾಲಯ ಪ್ರಮಾಣೀಕರಿಸಬೇಕು, ಅದಕ್ಕೇ ಪ್ರೊಬೇಟ್ ಎನ್ನುವುದು, ಎಂದು ವಕೀಲರು ವಿವರಿಸಿದರು. ಉಯಿಲಿಗೆ ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬರಾದರೂ ಬಂದು ಪ್ರಮಾಣ ಮಾಡಬೇಕಂತೆ. ಒಬ್ಬ ಸಾಕ್ಷಿ ಎದುರಂಗಡಿಯ ದರ್ಜಿ. ಆತ ಯಜಮಾನರಿಗಿಂತ ಮೊದಲೇ ತೀರಿಕೊಂಡಿದ್ದ. ಇನ್ನೊಬ್ಬಳು ಮುಳ್ಳಮ್ಮ.

ಅವಳಿಗೆ ಆ ಮಧ್ಯಾಹ್ನ ಚೆನ್ನಾಗಿ ನೆನಪಿತ್ತು. ಯಜಮಾನರು ದರ್ಜಿಯನ್ನು ಕರೆಸಿ, ಮೇಲ್ಭಾಗ ಮಡಚಿದ ಕಾಗದಕ್ಕೆ ರುಜು ಹಾಕಿ, ಎಂದಿನಂತೆ ಆ ಬದಿಯಿಂದ ಈ ಬದಿಗೆ ಸರಿಸಿದ್ದರು. ದರ್ಜಿಯ ನಂತರ ಅವಳೂ ಎಂದಿನಂತೆ ರುಜು ಹಾಕಿದ್ದಳು. ಪರೀಕ್ಷಿಸದೆ ರುಜು ಹಾಕಿದ್ದು ಅದೊಂದಕ್ಕೇ.

ವಕೀಲರು ಕನ್ನಡಕ ಏರಿಸಿಕೊಂಡು ಉಯಿಲನ್ನು ಗಟ್ಟಿಯಾಗಿ ಓದಿದರು. ಮನೆ ಮತ್ತು ಉಳಿದದ್ದೆಲ್ಲ ಅಕ್ಕನಿಗೆ. ‘ಅಂಗಡಿಯ ಕೋಣೆ, ಮೇಜು, ತೂಕದ ಬಟ್ಟುಗಳ ಪೆಟ್ಟಿಗೆ, ಇವು ನನ್ನ ಜೊತೆ ಕೆಲಸ ಮಾಡಿದವಳಿಗೆ. ಅವಳು ಎದುರಿಗೆ ಕೂತಿದ್ದರಿಂದಲೇ ಇಷ್ಟು ವರ್ಷ ನನ್ನ ಕೈ ನಡುಗಲಿಲ್ಲ.’

ಮುಳ್ಳಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ವಕೀಲರು ಗಂಟಲು ಸರಿಮಾಡಿಕೊಂಡರು.

“ಒಂದು ತೊಡಕಿದೆ ಅಮ್ಮ. ಉಯಿಲಿಂದ ಲಾಭ ಪಡೆಯೋರು ಅದಕ್ಕೆ ಸಾಕ್ಷಿ ಹಾಕೋ ಹಾಗಿಲ್ಲ. ಹಾಕಿದ್ರೆ ಉಯಿಲು ಉಳಿಯತ್ತೆ, ಅವರ ಪಾಲು ಬಿದ್ದುಹೋಗತ್ತೆ. ಆ ಕೋಣೇನೂ ಈಗ ಅಕ್ಕನಿಗೇ.”

“ಅದೆಂಥ ಕಾನೂನು ಸ್ವಾಮಿ?” ದೊಡ್ಡಕ್ಕ ಸಿಡುಕಿದಳು. “ಕೊಟ್ಟೋನು ಅವನು, ತಗೊಳ್ಳೋಳು ಇವಳು. ಮಧ್ಯೆ ನಿಮ್ಮದೇನು?”

“ಕಾನೂನು ಸರಿಯಾಗೇ ಇದೆ ಅಕ್ಕ,” ಎಂದಳು ಮುಳ್ಳಮ್ಮ. “ನಮ್ಮಂಗಡೀದೂ ಅದೇ ಅಲ್ವಾ.”

ಬೇರೆ ಯಾರ ಕಾನೂನಾಗಿದ್ದರೂ ಅವಳು ಜಗಳಕ್ಕೆ ನಿಲ್ಲುತ್ತಿದ್ದಳೇನೋ. ಇದರೊಡನೆ ಜಗಳವಾಡಬೇಕಾದರೆ ಯಜಮಾನರೊಡನೆಯೇ ಆಡಬೇಕಿತ್ತು. ಆಸೆಯಿರುವ ಕಣ್ಣನ್ನು ನಂಬಬಾರದೆಂದು ಅಷ್ಟು ವರ್ಷ ಹೇಳಿದವರು, ತಮ್ಮ ರುಜುವಿನ ಕೆಳಗೆ ಅವಳ ರುಜು ಇಲ್ಲದ ಕಾಗದ ಪೂರ್ಣವಲ್ಲ ಎಂಬ ಅಭ್ಯಾಸಕ್ಕೆ ತಾವೇ ಸಿಕ್ಕಿಬಿದ್ದಿದ್ದರು.

ವಕೀಲರ ಕಚೇರಿಯ ಮೆಟ್ಟಿಲಿಳಿಯುವಾಗ ದೊಡ್ಡಕ್ಕ ಅವಳ ತೋಳು ಹಿಡಿದುಕೊಂಡಳು. “ನನ್ನ ಹೆಸರಿಗೆ ಬಂದ ಮಾರನೇ ದಿನಾನೇ ಕೋಣೆ ನಿಂಗೆ ಬರೆದುಕೊಡ್ತೀನಿ ಕಣೇ. ನಂಗ್ಯಾಕೆ ಆ ತಕ್ಕಡಿಗಳು, ಕೂತು ನನ್ನ ಪಾಪ ತೂಗ್ಲಾ?”

“ನೀವು ಕೊಟ್ರೆ ಅದು ನೀವು ಕೊಟ್ಟಿದ್ದಾಗತ್ತೆ ಅಕ್ಕ.”

ತನ್ನ ತಮ್ಮ ಈ ಮುಳ್ಳಿನ ಹೆಸರನ್ನು ಸುಮ್ಮನೆ ಇಟ್ಟಿಲ್ಲ ಎಂದು ದೊಡ್ಡಕ್ಕ ಗೊಣಗಿದಳು.

ವಿಚಾರಣೆಗೆ ಮುಂಚಿನ ದಿನಗಳಲ್ಲಿ ಮುಳ್ಳಮ್ಮ ಲೆಕ್ಕ ಹಾಕಿ ನೋಡಿದಳು. ತಾನು ಹೋಗದಿದ್ದರೆ ಇಡೀ ಉಯಿಲೇ ನಿಲ್ಲದೆ ಹೋಗಬಹುದು. ಆಗ ಅವರ ಆ ಮಾತೂ ಯಾರೋ ಗೀಚಿದ ಕಾಗದವಾಗಿಬಿಡುತ್ತದೆ. ಹೋಗಿ ನಿಜ ಹೇಳಿದರೆ ಕೋಣೆ ಕೈತಪ್ಪಿದ್ದು ತಪ್ಪಿದಂತೆಯೇ, ಆದರೆ ಮಾತು ಅವರದೆಂದು ಸಾಬೀತಾಗುತ್ತದೆ. ಪ್ರೀತಿಗೆ ಪುರಾವೆ ಕೇಳುವುದು ಹುಚ್ಚುತನ ಎನ್ನುವವರಿದ್ದಾರೆ. ಜೀವನವಿಡೀ ಪುರಾವೆಯಿಲ್ಲದೆ ಕಾದವಳಿಗೆ ಹಾಗೆನ್ನಿಸಲಿಲ್ಲ.

ನ್ಯಾಯಾಲಯದಲ್ಲಿ, ಯಜಮಾನರು ರುಜು ಹಾಕಿದ್ದನ್ನು ಕಣ್ಣಾರೆ ಕಂಡಿರಾ ಎಂದು ಕೇಳಿದರು. ಕಂಡೆ ಎಂದಳು. ಬುದ್ಧಿ ಸ್ವಾಧೀನದಲ್ಲಿತ್ತೇ ಎಂದರು. ನನಗಿಂತ ಚೆನ್ನಾಗಿತ್ತು ಎಂದಳು. ಗುಮಾಸ್ತ ತಲೆಯೆತ್ತಿ ನೋಡಿ, ‘ಇತ್ತು’ ಎಂದಷ್ಟೇ ಬರೆದುಕೊಂಡ.

ಪ್ರೊಬೇಟ್ ಸಿಕ್ಕಿದ ದಿನ ಅವಳು ತನಗೂ ಒಂದು ನಕಲು ಬೇಕೆಂದಳು. ವಕೀಲರಿಗೆ ಅರ್ಥವಾಗಲಿಲ್ಲ.

“ನಿಮಗ್ಯಾಕಮ್ಮ? ನಿಮ್ಮ ಸಾಲು ಈಗ ನಡೆಯೋಲ್ಲ.”

“ಹೊಡೆದುಹಾಕಿದಾರಾ?”

“ಹಾಗೆ ಮಾಡೋಕಾಗಲ್ಲ. ಸತ್ತವರ ಬರಹಾನ ಯಾರೂ ತಿದ್ದೋ ಹಾಗಿಲ್ಲ. ಅವರು ಬರೆದಿದ್ದು ಹಾಗ್ಹಾಗೇ ಇರತ್ತೆ, ಮೊಹರಿನ ಸಮೇತ.”

“ಅಷ್ಟು ಸಾಕು.”

ನಕಲು ಕೈಗೆ ಬಂದಾಗ ಸಂಜೆಯಾಗಿತ್ತು. ಅವಳು ವರಾಂಡದ ಬೆಂಚಿನ ಮೇಲೆ ಕೂತು, ಬಾಗಿದ ಆ ಅಕ್ಷರಗಳ ಮೇಲೆ ಬೆರಳಿಟ್ಟುಕೊಂಡು ನಿಧಾನವಾಗಿ ಓದತೊಡಗಿದಳು. ಗೇಟಿನ ಹತ್ತಿರ ಕಾದು ಬೇಸತ್ತ ದೊಡ್ಡಕ್ಕ ವಾಪಸು ಬಂದಳು.

“ಅವತ್ತೇ ಕೇಳಿದ್ಯಲ್ಲೇ, ಮತ್ತೇನು ಓದ್ತಿದೀಯ?”

“ಅವತ್ತು ವಕೀಲರ ಬಾಯಲ್ಲಿ ಕೇಳಿದ್ದೆ ಅಕ್ಕ,” ಎಂದಳು ಮುಳ್ಳಮ್ಮ, ಕಾಗದದಿಂದ ಕಣ್ಣು ತೆಗೆಯದೆ. “ಯಜಮಾನರು ಹೇಳಿದ ಹಾಗೆ ಕೇಳಿರ್ಲಿಲ್ಲ.”

ದೊಡ್ಡಕ್ಕ ಪಕ್ಕದಲ್ಲಿ ಕೂತಳು.